ಫ್ಲಾರೆನ್ಸ್ ನೈಟಿಂಗೇಲಳೂ ಸ್ಕುಟಾರಿಯ ದಂಡಿನ ಆಸ್ಪತ್ರೆಯೂ

ರಾತ್ರಿಯ ವೇಳೆ ಕೈಯಲ್ಲಿ ದೀಪ ಹಿಡಿದು ಗಾಯಪಟ್ಟ ಸಿಪಾಯಿಗಳನ್ನು ವಿಚಾರಿಸುತ್ತಿದ್ದ ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆಯ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರುವರು. ದೀಪದ ಕಥೆಯು ಚೆಲುವಾದದ್ದೇ ಸರಿ. ಆದರೆ ಗೋಡೆ, ಕಿಟಕಿ, ಚರಂಡಿಗಳ ಕಥೆಯೇ ಈಕೆಯ ಜೀವಿತದ ತಿರುಳೆಂದು ನಮಗೆ ತೋರುವುದರಿಂದ ಅದನ್ನೇ ಇಲ್ಲಿ ಬರೆಯುತ್ತೇವೆ.

ಈಕೆಯು 1820ನೆಯ ಮೇ 12ರಲ್ಲಿ ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ ಐಶ್ವರ್ಯವಂತರಾದ ಇಂಗ್ಲಿಷ್ ತಂದೆತಾಯಿಗಳಿಗೆ ಹುಟ್ಟಿದಳು. 1837ರಲ್ಲಿ, ಇನ್ನೂ ಹದಿನಾರರ ಬಾಲೆಯಾಗಿದ್ದಾಗಲೇ, ದೇವರು ತನ್ನನ್ನು ಸೇವೆಗೆ ಕರೆದನೆಂಬ ನಿಶ್ಚಯವು ಆಕೆಗುಂಟಾಯಿತು. ದಾದಿಯ ಕೆಲಸವು ಮಾನವಂತರ ಮನೆಯ ಹೆಣ್ಣುಮಕ್ಕಳಿಗೆ ತಕ್ಕದ್ದಲ್ಲವೆಂದು ಆಗಿನವರು ಎಣಿಸುತ್ತಿದ್ದುದರಿಂದ ಮನೆಯವರು ಬಹುಕಾಲ ಒಪ್ಪಲಿಲ್ಲ. ಕಡೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತಿನಲ್ಲಿ ಫ್ಲೀಡ್ನರ್ ಪಾದ್ರಿಯವರು ನಡಿಸುತ್ತಿದ್ದ ಸಭಾಸೇವಕಿಯರ ಗೃಹದಲ್ಲಿ ಮೂರು ತಿಂಗಳು ಕಲಿತಳು.

1854ರಲ್ಲಿ ಇಂಗ್ಲಿಷರು ರುಷ್ಯದ ಮೇಲೆ ಕ್ರಿಮಿಯ ಯುದ್ಧಕ್ಕೆ ಹೋದರು. ಕಾನ್‌ಸ್ಟಾಂಟಿನೋಪಲಿಗೆ ಎದುರಾಗಿ, ಆಸ್ಯ ಖಂಡದ ದಡದ ಮೇಲಿರುವ ಸ್ಕುಟಾರಿಯಲ್ಲಿ ತುರ್ಕಿಯ ಸುಲ್ತಾನನ ದೊಡ್ಡ ದಂಡಿನ ಮನೆಯೊಂದಿತ್ತು. ವಿಶಾಲವಾದ ಅಂಗಳದ ಸುತ್ತಲೂ ನಾಲ್ಕು ಸಾಲು ಕಟ್ಟಡ, ಮೂಲೆಮೂಲೆಗೆ ಗೋಪುರ, ಒಳಗೆ ಕೊನೆಗಾಣದಂಥ ಓಣಿಗಳು. ದೂರದಿಂದ ನೋಡಿದವರಿಗೆ ಅರಮನೆಯೆಂದೇ ತೋರುವುದು. ಇದನ್ನು ಇಂಗ್ಲಿಷರು ಆಸ್ಪತ್ರೆಯಾಗಿ ಮಾಡಿಕೊಂಡರು. ಆದರೆ ಅದು ಆರೋಗ್ಯವಂತರಾದ ದಂಡಾಳುಗಳಿಗಾಗಿ ಕಟ್ಟಿದ ಮನೆಯೇ ಹೊರತು ರೋಗಿಗಳಿಗಾಗಿ ಕಟ್ಟಿದ್ದಲ್ಲ. ಕೋಣೆಗಳು ತುಂಬಿದ ಮೇಲೆ ಓಣಿಗಳ ಉದ್ದಕ್ಕೂ ಹಾಸಿಗೆಗಳನ್ನು ಹಾಸಿದರು. ಗಾಳಿಯಾಡಲು ಮಾರ್ಗವಿರಲಿಲ್ಲ. ನೆಲದ ಕೆಳಗಿನ ಚರಂಡಿಗಳು ಕಟ್ಟಿಕೊಂಡಿದ್ದುದರಿಂದ ಪಾಯಿಖಾನೆಗಳ ದುರ್ವಾಸನೆಯು ತಿರುಗಿ ರೋಗಿಗಳಿದ್ದಲ್ಲಿಗೇ ಬರುತ್ತಿತ್ತು.

ನವೆಂಬರ್ 4ರಂದು 38 ಮಂದಿ ಸ್ತ್ರೀಯರೊಂದಿಗೆ ಈಕೆ ಅಲ್ಲಿಗೆ ಬಂದಳು. ಅಡಿಗೆಮನೆಯನ್ನೂ ಬಟ್ಟೆ ಒಗೆಯುವ ಏರ್ಪಾಡನ್ನೂ ಸರಿಪಡಿಸಿದಳು. ಅಂಗಿ, ಹೊದಿಕೆ, ಪಾತ್ರೆಗಳನ್ನು ಕೊಂಡು ತರಿಸಿದಳು. ಆದರೂ ಸಾವು ಕಡಿಮೆಯಾಗಲಿಲ್ಲ, ಏರಿತು. 1855ರ ಫೆಬ್ರವರಿಯಲ್ಲಿ ನೂರಕ್ಕೆ ಸುಮಾರು 42 ರೋಗಿಗಳು ಸತ್ತರು. ಗಾಯದಿಂದ ಸತ್ತವರಿಗಿಂತ ಭೇದಿ, ಜ್ವರಗಳಿಂದ ಸತ್ತವರೇ ಬಹಳ. ಮಾರ್ಚಿಯಲ್ಲಿ ಸದರ್ಲೆಂಡ್ ವೈದ್ಯರೂ ರಾಲಿನ್‌ಸನ್ ಎಂಬ ಇಂಜಿನಿಯರರೂ ಇದ್ದ ಶುಚಿತ್ವದ ಮಂಡಲಿಯೊಂದು ಬಂದಿತು. ಆಸ್ಪತ್ರೆಗೆ ನೀರು ಬರುವ ಕಾಲುವೆಯಲ್ಲಿ ಸತ್ತ ಕುದುರೆಯೊಂದು ಕೊಳೆಯುತ್ತಿರುವುದನ್ನು ಅವರು ಕಂಡರು! ಚರಂಡಿಗಳನ್ನು ತೊಳೆಯಿಸಿ, ಗೋಡೆಗಳಿಗೆ ಸುಣ್ಣ ಬಳಿಸಿ, ಗಾಳಿಗೆ ಮಾರ್ಗ ಮಾಡಿಸಿದರು. ಜೂನ್ ತಿಂಗಳಲ್ಲಿ ಸಾವು ನೂರಕ್ಕೆ ಸುಮಾರು ಎರಡಕ್ಕೆ ಇಳಿಯಿತು.

ಸಿಪಾಯಿಗಳು ಹಸಿವಿನಿಂದಲೂ ಚಳಿಯಿಂದಲೂ ಬಳಲಿ, ಸಾಯುವ ಸ್ಥಿತಿಯಲ್ಲಿಯೇ ತನ್ನ ಬಳಿಗೆ ಬಂದರೆಂದು ಆಕೆಯು ಅದುವರೆಗೆ ನಂಬಿದ್ದಳು. ಯುದ್ಧ ಮುಗಿದು ಊರಿಗೆ ಮರಳಿದ ಮೇಲೆ, ವಿಲಿಯಂ ಫಾರ್ ಎಂಬ ಲೆಕ್ಕಶಾಸ್ತ್ರಜ್ಞನ ಸಂಗಡ ಮರಣದ ಪಟ್ಟಿಗಳನ್ನು ಶೋಧಿಸಿದಾಗ, ತಾನು ಹಗಲಿರುಳು ಸೇವೆಮಾಡಿದ ಆ ಮನೆಯ ಕೊಳಕೇ ಸಾವಿರಾರು ಮಂದಿಯನ್ನು ಕೊಂದಿತೆಂದು ತಿಳಿಯಿತು. ಇಂಥ ಏಟಿನಿಂದ ಚೇತರಿಸಿಕೊಳ್ಳುವವರು ವಿರಳ. ಜನರೆಲ್ಲರೂ ಹೊಗಳುತ್ತಿದ್ದಾಗ ಆಕೆ ಸುಮ್ಮನಿದ್ದರೆ ಕೇಳುವವರು ಯಾರು? ಆಕೆಯೋ ಆ ಲೆಕ್ಕಗಳನ್ನೇ ಬಣ್ಣದ ಚಿತ್ರಗಳಾಗಿ ಬರೆದು ಅಧಿಕಾರಸ್ಥರ ಮುಂದೆ ಇಟ್ಟಳು.

ಅಷ್ಟರಲ್ಲಿ ಸೌತಾಂಪ್ಟನ್ ಬಳಿಯ ನೆಟ್ಲಿಯಲ್ಲಿ ದಂಡಿನ ಹೊಸ ಆಸ್ಪತ್ರೆಯ ಕೆಲಸವು ಆರಂಭವಾಗಿತ್ತು. 1856ರ ಮೇ 19ರಂದು ವಿಕ್ಟೋರಿಯಾ ರಾಣಿಯವರೇ ಅಸ್ತಿಭಾರದ ಕಲ್ಲನ್ನಿಟ್ಟರು. ಅದರ ಉದ್ದವು ಕಾಲು ಮೈಲಿ. ನೀರಿನ ಕಡೆಗೆ, ಬಿಸಿಲೂ ನೋಟವೂ ಇರುವಲ್ಲಿ, ಓಣಿ. ಹಿಂದುಗಡೆ ರೋಗಿಗಳ ಸಣ್ಣ ಕೋಣೆಗಳು. ನಕ್ಷೆಯನ್ನು ಕಂಡು ಈಕೆಯು ಮಂತ್ರಿ ಪಾಮರ್‌ಸ್ಟನ್ನನ ತನಕ ಹೋಗಿ ವಾದಿಸಿದಳು. ಅವನಿಗೆ ಆಕೆಯ ಮಾತು ಸರಿಯೆಂದು ತೋರಿತು. ಆದರೆ ಹಣವು ಬಹಳ ವೆಚ್ಚವಾಗಿ ಹೋಗಿತ್ತಾದ್ದರಿಂದ ಕಟ್ಟಡವು ಹಾಗೆಯೇ ಮೇಲೆದ್ದು 1863ರಲ್ಲಿ ತೆರೆಯಲ್ಪಟ್ಟಿತು.

ಆಕೆಯ ಮನಸ್ಸಿನಲ್ಲಿದ್ದ ಆಸ್ಪತ್ರೆಯು ಬೇರೆ. ಒಂದೇ ದೊಡ್ಡ ಮನೆಗೆ ಬದಲಾಗಿ ಬಿಡಿಬಿಡಿಯಾದ ಸಾಲುಮನೆಗಳು. ಒಂದೊಂದರಲ್ಲಿ ಉದ್ದವಾದ ಶಾಲೆ. ಎರಡು ಕಡೆಯೂ ಎದುರುಬದುರಾಗಿ ಎತ್ತರವಾದ ಕಿಟಕಿಗಳು, ಅವುಗಳ ನಡುವೆ ಹಾಸಿಗೆಗಳು. ಪಾಯಿಖಾನೆಯು ತುದಿಯಲ್ಲಿ ಬೇರೆಯಾಗಿರಬೇಕು. 1859ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಬರೆದಳು. ಕೆಟ್ಟ ಗಾಳಿಯೇ ರೋಗಕ್ಕೆ ಕಾರಣವೆಂದು ಆಕೆಯು ಎಣಿಸಿದ್ದಳು. ಕ್ರಿಮಿಗಳ ಸಂಗತಿಯು ಆಗ ಸ್ಥಿರಪಟ್ಟಿರಲಿಲ್ಲ. ಕಾರಣವು ತಪ್ಪಾದರೂ ಉಪಾಯವು ಒಳ್ಳೆಯದಾಗಿತ್ತು. ಆಕೆಯ ಬಂಧುವಾದ ಡಗ್ಲಸ್ ಗಾಲ್ಟನ್ ಎಂಬ ಸೇನಾ ಇಂಜಿನಿಯರನು ಈ ರೀತಿಯಲ್ಲಿಯೇ ವೂಲಿಚ್‌ನಲ್ಲಿ ಹರ್ಬರ್ಟ್ ಆಸ್ಪತ್ರೆಯನ್ನು ಕಟ್ಟಿಸಿದನು. ಅದು 1865ರಲ್ಲಿ ಮುಗಿಯಿತು.

ನಮ್ಮ ದೇಶವನ್ನು ಆಕೆಯು ಎಂದೂ ಕಾಣಲಿಲ್ಲ. ಆದರೂ ಇಲ್ಲಿಯ ದಂಡಿನ ಠಾಣ್ಯಗಳಿಗೆ ಪ್ರಶ್ನೆಗಳನ್ನು ಕಳುಹಿಸಿ, ಬಂದ ಉತ್ತರಗಳನ್ನು ಓದಿ, ಇಂಗ್ಲಿಷ್ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುವುದೇಕೆಂದು 1863ರ ವರದಿಯೊಂದಿಗೆ ವಿವರಿಸಿದಳು. ಮುಂದೆ ಹಳ್ಳಿಗಳ ನೀರು, ಚರಂಡಿಗಳ ವಿಷಯವಾಗಿಯೂ ಬಹಳ ವರ್ಷ ಬರೆದಳು.

1910ನೆಯ ಆಗಸ್ಟ್ 13ರಂದು, ತೊಂಬತ್ತು ವರ್ಷದವಳಾಗಿ, ಲಂಡನಿನಲ್ಲಿ ನಿದ್ರೆಹೋದಳು. ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಹೂಣಿಡುವುದನ್ನು ಬಂಧುಗಳು ಒಪ್ಪದೆ ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಗುಡಿಯಂಗಳದಲ್ಲಿ ಸಮಾಧಿಮಾಡಿದರು. ನೆಟ್ಲಿಯ ಆ ಉದ್ದನೆಯ ಕಟ್ಟಡವನ್ನು 1966ರಲ್ಲಿ ಕೆಡವಿಬಿಟ್ಟರು. ನಡುವಿದ್ದ ಪ್ರಾರ್ಥನಾಲಯವೊಂದನ್ನು ಮಾತ್ರ ಉಳಿಸಿದ್ದಾರೆ.