ಸುಣ್ಣಕಟ್ಟು ರೋಗದ ಮೂಲ ಕಂಡ ಅಗೊಸ್ತಿನೊ ಬಸ್ಸಿ

ಈ ಸ್ಮರಣ ಸಂಚಿಕೆಗೆ ವಿಜ್ಞಾನಿಯೊಬ್ಬರ ಜೀವನವನ್ನು ಕುರಿತು ಬರೆಯಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನ್ನ ಮನಸ್ಸು ಹೊಸೂರು ಸೀಮೆಯ ನಮ್ಮ ಹಳೆಯ ಹುಳುಮನೆಗೆ ಹೋಯಿತು. ನಾನು ಏಳನೆಯ ತರಗತಿಯಲ್ಲಿದ್ದ ವರ್ಷ, ಕಾರ್ತಿಕದ ಚಳಿಯಲ್ಲಿ, ನಾಲ್ಕನೆಯ ಜ್ವರ ಎದ್ದು ಸೊಪ್ಪು ತಿನ್ನುತ್ತಿದ್ದ ರೇಷ್ಮೆಹುಳುಗಳು ಒಂದೊಂದಾಗಿ ಸೆಟೆದು ಬಿಳಿಯ ಕಡ್ಡಿಗಳಂತಾದವು. ಸುಣ್ಣಕಟ್ಟು ಎಂದರು ಹಿರಿಯರು. ದೃಷ್ಟಿ ತಗುಲಿತೆಂದು ಅಜ್ಜಿ ಉಪ್ಪು ನಿವಾಳಿಸಿದರು. ಅಕ್ಕನ ಮದುವೆಯ ಸಾಲ ಆ ಬೆಳೆಯಲ್ಲಿ ತೀರಬೇಕಿತ್ತು, ತೀರಲಿಲ್ಲ.

ಇಟಲಿಯ ರೈತರೂ ಈ ರೋಗವನ್ನು ಸುಣ್ಣದ ಹೆಸರಿನಿಂದಲೇ ಕರೆಯುತ್ತಿದ್ದರೆಂದು ಬಹುಕಾಲದ ಮೇಲೆ ಓದಿ ತಿಳಿದೆ. ಅದರ ಮೂಲವನ್ನು ಕಂಡವರು ಅಗೊಸ್ತಿನೊ ಬಸ್ಸಿ. 1773ರಲ್ಲಿ ಲೊಂಬಾರ್ಡಿಯ ಲೋಡಿ ಪಟ್ಟಣದ ಸಮೀಪ ಹುಟ್ಟಿದ ಅವರು ಪಾವಿಯಾದಲ್ಲಿ ಕಾನೂನು ಓದಿದರು. ಕಣ್ಣಿನ ದೌರ್ಬಲ್ಯದಿಂದ ಸರ್ಕಾರಿ ಹುದ್ದೆ ಬಿಟ್ಟು ಬೇಸಾಯಕ್ಕೆ ಮರಳಿದರು. ಕುರಿಸಾಕಣೆಯ ಮೇಲೂ ಗ್ರಂಥ ಬರೆದರು.

1807ರಲ್ಲಿ ಅವರು ರೇಷ್ಮೆಹುಳುವಿನ ರೋಗದ ಶೋಧಕ್ಕೆ ತೊಡಗಿದರು. ರೋಗವು ಗಾಳಿ, ಆಹಾರಗಳ ದೋಷದಿಂದ ಹುಳುವಿನೊಳಗೇ ಹುಟ್ಟುವುದೆಂಬುದು ಅಂದಿನ ನಂಬಿಕೆ. ಅವರೂ ಅದನ್ನೇ ನಂಬಿ, ಹುಳುಗಳಿಗೆ ನಾನಾ ವಿಧದ ಹಿಂಸೆ ಕೊಟ್ಟು ನೋಡಿದರು. ಹುಳುಗಳು ಸತ್ತವೇ ಹೊರತು ಆ ರೋಗ ಹುಟ್ಟಲಿಲ್ಲ. ವರ್ಷಗಳೇ ವ್ಯರ್ಥವಾಗಿ ಬಸ್ಸಿಯವರು ಎದೆಗುಂದಿದರು. ಅನಂತರವೇ, ರೋಗ ಹೊರಗಿನಿಂದ ಬರುತ್ತಿರಬಹುದೇ ಎಂದು ಪರೀಕ್ಷಿಸತೊಡಗಿದ್ದು. ಸತ್ತ ಹುಳುವಿನ ಬಿಳಿಯ ಪುಡಿ ತಾಗಿದರೆ ಆರೋಗ್ಯವಂತ ಹುಳುವೂ ಸಾಯುತ್ತಿತ್ತು; ಪುಡಿ ಮೂಡುವ ಮುನ್ನ ಶವದಿಂದ ರೋಗ ಹರಡುತ್ತಿರಲಿಲ್ಲ. ಪುಡಿಯೆಂದರೆ ಒಂದು ಶಿಲೀಂಧ್ರದ ಬೀಜಕಣಗಳು. 1835ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ಲೂಯಿ ಪಾಶ್ಚರ್ ರೇಷ್ಮೆಹುಳುವಿನ ರೋಗಗಳನ್ನು ಅಭ್ಯಸಿಸಲು ತೊಡಗಿದ್ದು ಮೂವತ್ತು ವರ್ಷಗಳ ತರುವಾಯ, 1865ರಲ್ಲಿ. ಪಾಶ್ಚರರ ಹೆಸರು ನಮ್ಮ ಪಠ್ಯದಲ್ಲಿತ್ತು, ಬಸ್ಸಿಯವರದು ಇರಲಿಲ್ಲ.

ಇದನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ. ಬಿಳುಪೇರಿದ ಹುಳುಗಳನ್ನು ತಟ್ಟೆಯಿಂದ ಗುಡಿಸಿ ಹಿಪ್ಪುನೇರಳೆ ತೋಟದ ಗೊಬ್ಬರಗುಂಡಿಗೆ ಸುರಿದವನು ನಾನೇ. ಮುಂದಿನ ಬೆಳೆಯೂ ಹೋಗಿತ್ತು.

ಮುಪ್ಪಿನಲ್ಲಿ ಬಸ್ಸಿಯವರ ದೃಷ್ಟಿ ಬಹುಮಟ್ಟಿಗೆ ನಂದಿತು. 1856ರಲ್ಲಿ ತೀರಿಕೊಂಡರು. ಆ ಬೂಷ್ಟಿಗೆ ಬಾಲ್ಸಾಮೊ ಕ್ರಿವೆಲ್ಲಿಯವರು 1835ರಲ್ಲೇ ಬಸ್ಸಿಯವರ ಹೆಸರನ್ನಿತ್ತಿದ್ದರು. 1912ರಲ್ಲಿ ವ್ಯುಯಿಮೆಂ ಎಂಬವರು ಅದನ್ನು ಬ್ಯುವೇರಿಯಾ ಎಂಬ ಹೊಸ ಕುಲಕ್ಕೆ ಸೇರಿಸಿದರು. ಅಂದಿನಿಂದ ಅದು ಬ್ಯುವೇರಿಯಾ ಬ್ಯಾಸಿಯಾನ.

ಸೂಕ್ಷ್ಮದರ್ಶಕದಲ್ಲಿ ಕಾಣುವ ಗುರುತು ಇಷ್ಟೆ: ಅಂಕುಡೊಂಕಾದ ಎಳೆ, ಅದರ ಮೇಲೆ ದುಂಡನೆಯ ಬೀಜಕಣಗಳು. ಇವು ಹೊಂದಿದರೆ ಯಾವ ಕೀಟದ ಮೇಲಿನದನ್ನಾದರೂ ಅದೇ ಹೆಸರಿನಿಂದ ಕರೆಯುತ್ತಿದ್ದರು. 2005ರಲ್ಲಿ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ, ಕಣ್ಣಿಗೆ ಒಂದೇ ಆಗಿದ್ದ ಈ ಬೂಷ್ಟಿನಲ್ಲಿ ಹತ್ತಿರದ ನೆಂಟಸ್ತಿಕೆಯೂ ಇಲ್ಲದ ಎರಡು ವಂಶಗಳು ಕಂಡವು. 2011ರಲ್ಲಿ ಇನ್ನಷ್ಟು ವಂಶವಾಹಿಗಳ ಸಾಕ್ಷ್ಯದಿಂದ ಈ ಕುಲದಲ್ಲಿ ಆರು ಹೊಸ ಪ್ರಭೇದಗಳನ್ನು ಹೆಸರಿಸಲಾಯಿತು. ಬೇರೆಯಾದ ಆ ವಂಶಕ್ಕೆ ಸ್ಯೂಡೊಬ್ಯಾಸಿಯಾನ, ಎಂದರೆ ಹುಸಿ ಬ್ಯಾಸಿಯಾನ, ಎಂದು ಹೆಸರಾಯಿತು. ಆಕಾರವನ್ನು ಕೈಬಿಟ್ಟರೆಂದಲ್ಲ, ಕುಲವನ್ನು ಗುರುತಿಸುವುದು ಇಂದಿಗೂ ಆ ಅಂಕುಡೊಂಕಾದ ಎಳೆಯಿಂದಲೇ.

ಕಾಫಿಯ ಕಾಯಿಕೊರಕಕ್ಕೆ ಇದೇ ಬೂಷ್ಟನ್ನು ಈಗ ಔಷಧವಾಗಿ ಸಿಂಪಡಿಸುತ್ತಾರೆ. ಹಿಪ್ಪುನೇರಳೆ ತೋಟದ ಬಳಿ ಮಾತ್ರ ಕೂಡದು. ನನ್ನ ತಮ್ಮನ ಹುಳುಮನೆಯಲ್ಲಿ ಸೆಟೆದ ಹುಳುವನ್ನು ಬಿಳುಪೇರುವ ಮೊದಲೇ ಆಯ್ದು ಸುಡುತ್ತಾರೆ.