ಸಂವಿಧಾನದ ಪದಗಳನ್ನು ತೂಗಿದ ಮಂಗಳೂರಿನ ಬಿ.ಎನ್. ರಾವ್

ಬಂಧನ, ಜಾಮೀನು, ಪಾಸ್‌ಪೋರ್ಟ್ ಜಪ್ತಿ ಮುಂತಾದ ಪ್ರಕರಣಗಳು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದಾಗಲೆಲ್ಲ ಸಂವಿಧಾನದ 21ನೇ ವಿಧಿಯ ಉಲ್ಲೇಖ ಬರುತ್ತದೆ. ಕಾನೂನಿನ ಮೂಲಕ ಸ್ಥಾಪಿತವಾದ ಕಾರ್ಯವಿಧಾನವನ್ನು ಅನುಸರಿಸದೆ ಯಾರ ಜೀವವನ್ನಾಗಲಿ, ವೈಯಕ್ತಿಕ ಸ್ವಾತಂತ್ರ್ಯವನ್ನಾಗಲಿ ಕಸಿದುಕೊಳ್ಳುವಂತಿಲ್ಲ ಎಂಬುದು ಆ ವಿಧಿಯ ತಿರುಳು. ಇದರಲ್ಲಿರುವ 'ಸ್ಥಾಪಿತವಾದ ಕಾರ್ಯವಿಧಾನ' ಎಂಬ ಪದಪುಂಜದ ಹಿಂದೆ ಕರಾವಳಿಯ ಮೇಧಾವಿಯೊಬ್ಬರ ಚಿಂತನೆಯಿದೆ. ಅವರೇ ಸರ್ ಬೆನಗಲ್ ನರಸಿಂಗ ರಾವ್.

1887ರ ಫೆಬ್ರವರಿ 26ರಂದು ಜನಿಸಿದ ರಾವ್, ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ ಇಡೀ ಮದ್ರಾಸ್ ಪ್ರಾಂತ್ಯಕ್ಕೆ ಪ್ರಥಮ ಸ್ಥಾನ ಪಡೆದರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಬಳಿಕ ವಿದ್ಯಾರ್ಥಿವೇತನದ ಬಲದಿಂದ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿ, 1909ರಲ್ಲಿ ಐಸಿಎಸ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಬಿ. ರಾಮ ರಾವ್ ಹಾಗೂ ಪತ್ರಕರ್ತ ಬಿ. ಶಿವ ರಾವ್ ಇವರ ಸಹೋದರರು.

ಬಂಗಾಳ ಮತ್ತು ಅಸ್ಸಾಮಿನಲ್ಲಿ ಸೇವೆ ಸಲ್ಲಿಸಿದ ರಾವ್ ಅವರಿಗೆ ಆಡಳಿತಕ್ಕಿಂತ ಕಾನೂನಿನ ಕರಡು ರಚನೆಯೇ ಒಲಿದ ಕ್ಷೇತ್ರವಾಯಿತು. 1935ರ ಭಾರತ ಸರ್ಕಾರ ಕಾಯ್ದೆಗೆ ಅನುಗುಣವಾಗಿ ಹಳೆಯ ಶಾಸನಗಳನ್ನು ಪರಿಷ್ಕರಿಸುವ ಹೊಣೆ ಅವರದಾಯಿತು. 1938ರಲ್ಲಿ ಸರ್ ಪದವಿ ದೊರೆಯಿತು. ನಂತರ ಕಲ್ಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾದರು. 1941ರಲ್ಲಿ ನೇಮಕಗೊಂಡ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷತೆಯನ್ನೂ ವಹಿಸಿದರು. 1944ರಲ್ಲಿ ನಿವೃತ್ತರಾಗಿ ಕೆಲಕಾಲ ಕಾಶ್ಮೀರ ಸಂಸ್ಥಾನದ ಪ್ರಧಾನಿಯಾಗಿದ್ದರು.

1946ರಲ್ಲಿ ಸಂವಿಧಾನ ರಚನಾ ಸಭೆಯ ಸಲಹೆಗಾರರಾದ ರಾವ್ ಈ ಕಾರ್ಯಕ್ಕೆ ಸಂಭಾವನೆ ಪಡೆಯಲಿಲ್ಲ. 1947ರ ಅಕ್ಟೋಬರಿನಲ್ಲಿ 243 ವಿಧಿಗಳು ಮತ್ತು 13 ಅನುಸೂಚಿಗಳ ಮೊದಲ ಕರಡನ್ನು ಸಿದ್ಧಪಡಿಸಿದರು. ಡಾ. ಬಿ.ಆರ್. ಅಂಬೇಡ್ಕರ್ ನೇತೃತ್ವದ ಕರಡು ಸಮಿತಿಯ ಪರಿಶೀಲನೆಗೆ ಇದೇ ಆಧಾರವಾಯಿತು.

ವ್ಯಕ್ತಿ ಸ್ವಾತಂತ್ರ್ಯದ ವಿಧಿಯಲ್ಲಿ ಆರಂಭದಲ್ಲಿ ಇದ್ದದ್ದು ಅಮೆರಿಕದ 'ಡ್ಯೂ ಪ್ರಾಸೆಸ್', ಅಂದರೆ ನ್ಯಾಯಯುತ ಕಾರ್ಯವಿಧಾನ ಎಂಬ ಪದ. ಕಾನೂನೊಂದು ಜಾರಿಯಲ್ಲಿದ್ದರಷ್ಟೇ ಸಾಲದು, ಅದು ನ್ಯಾಯಸಮ್ಮತವೂ ಆಗಿರಬೇಕೆಂದು ಪರೀಕ್ಷಿಸುವ ಅಧಿಕಾರವನ್ನು ಈ ಪದ ನ್ಯಾಯಾಲಯಕ್ಕೆ ನೀಡುತ್ತದೆ. 'ಸ್ಥಾಪಿತವಾದ ಕಾರ್ಯವಿಧಾನ'ದಲ್ಲಾದರೋ ಶಾಸಕಾಂಗ ರೂಪಿಸಿದ ಕ್ರಮ ಪಾಲನೆಯಾಗಿದೆಯೇ ಎಂಬುದಷ್ಟೇ ಮುಖ್ಯ.

ರಾವ್ ಅವರ ಅಳುಕಿಗೆ ಕಾರಣವಿತ್ತು. ಬೇಕರಿ ಕಾರ್ಮಿಕರ ದುಡಿಮೆಯನ್ನು ವಾರಕ್ಕೆ 60 ಗಂಟೆಗೆ ಮಿತಿಗೊಳಿಸಿದ್ದ ನ್ಯೂಯಾರ್ಕ್ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1905ರಲ್ಲಿ ಇದೇ ಪದದ ಆಧಾರದಲ್ಲಿ ರದ್ದುಪಡಿಸಿತ್ತು. ಭಾರತದಲ್ಲಿಯೂ ಸಾಮಾಜಿಕ ಸುಧಾರಣೆಯ ಕಾನೂನುಗಳಿಗೆ ಇದೇ ಗತಿ ಒದಗೀತೆಂಬುದು ಅವರ ಆತಂಕ. 1947ರ ಕೊನೆಯಲ್ಲಿ ಅಮೆರಿಕಕ್ಕೆ ತೆರಳಿದಾಗ ಅಲ್ಲಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೂ ಈ ಆತಂಕವನ್ನು ಪುಷ್ಟೀಕರಿಸಿದರು. ಮುಂದೆ ಕರಡು ಸಮಿತಿ ಜಪಾನಿನ ಸಂವಿಧಾನದ ಮಾದರಿಯಲ್ಲಿ ಪದವನ್ನು ಬದಲಾಯಿಸಿತು. 1948ರ ಡಿಸೆಂಬರಿನಲ್ಲಿ ಸಭೆಯ ಹಲವು ಸದಸ್ಯರು ಇದನ್ನು ತೀವ್ರವಾಗಿ ಆಕ್ಷೇಪಿಸಿದರೂ ಬದಲಾವಣೆ ಉಳಿಯಿತು.

ಅದರ ಬೆಲೆ ಬಹುಬೇಗ ತಿಳಿಯಿತು. ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಮುಂಜಾಗ್ರತಾ ಬಂಧನವನ್ನು ಕಮ್ಯುನಿಸ್ಟ್ ಮುಖಂಡ ಎ.ಕೆ. ಗೋಪಾಲನ್ ಪ್ರಶ್ನಿಸಿದಾಗ, ಬಂಧನಕ್ಕೆ ಶಾಸನದ ಆಧಾರವಿದ್ದರೆ ಅದರ ನ್ಯಾಯಸಮ್ಮತತೆಯನ್ನು ಅಳೆಯಲು 21ನೇ ವಿಧಿಯಲ್ಲಿ ಎಡೆಯಿಲ್ಲವೆಂದು ಸುಪ್ರೀಂ ಕೋರ್ಟ್ 1950ರಲ್ಲಿ ಬಹುಮತದಿಂದ ತೀರ್ಪಿತ್ತಿತು. ನ್ಯಾಯಮೂರ್ತಿ ಫಜಲ್ ಅಲಿ ಮಾತ್ರ ಭಿನ್ನಮತ ದಾಖಲಿಸಿದರು.

ಆ ವೇಳೆಗೆ ರಾವ್ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಸ್ಫೋಟಗೊಂಡಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಅವರೇ. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಅವಧಿ ಮುಗಿಯುವ ಮುನ್ನವೇ, 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ಕೊನೆಯುಸಿರೆಳೆದರು.

ಅವರು ಗತಿಸಿದ ಕಾಲು ಶತಮಾನದ ಬಳಿಕ, 1978ರಲ್ಲಿ, ಮೇನಕಾ ಗಾಂಧಿ ಅವರ ಪಾಸ್‌ಪೋರ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳೆಯ ಅರ್ಥೈಸುವಿಕೆಯಿಂದ ಹೊರಬಂದಿತು. ಕಾರ್ಯವಿಧಾನ ನ್ಯಾಯಯುತವೂ ಸಮಂಜಸವೂ ಆಗಿರಬೇಕು, ಮನಬಂದಂತೆ ಇರಕೂಡದು ಎಂದು ಸಾರಿತು. ವಿಧಿಯ ಅಕ್ಷರಗಳು ಬದಲಾಗಲಿಲ್ಲ, ಅರ್ಥ ಮಾತ್ರ ಹಿಗ್ಗಿತು. ಕೈಬಿಟ್ಟ ಪದದ ಸಾರ ತೀರ್ಪಿನ ಮೂಲಕ ಮರಳಿ ಬಂದಿತು.

ರಾವ್ ಬಯಸಿದ್ದು ಚುನಾಯಿತ ಶಾಸನಸಭೆಯ ಸುಧಾರಣೆಗಳಿಗೆ ಅಡ್ಡಿಯಿಲ್ಲದ ಹಾದಿ. ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದವರಿಗೆ ಬೇಕಿದ್ದದ್ದು ಶಾಸನಸಭೆಯನ್ನೂ ಪ್ರಶ್ನಿಸಬಲ್ಲ ನ್ಯಾಯಾಲಯ. ಎರಡೂ ಅಪೇಕ್ಷೆಗಳು 21ನೇ ವಿಧಿಯ ಒಂದೇ ವಾಕ್ಯದಲ್ಲಿ ನೆಲೆಸಿವೆ. 1949ರ ನವೆಂಬರ್ 25ರ ಸಮಾರೋಪ ಭಾಷಣದಲ್ಲಿ ಅಂಬೇಡ್ಕರ್ ಅವರು ಸಂವಿಧಾನ ರಚನೆಯ ಶ್ರೇಯಸ್ಸಿನಲ್ಲಿ ರಾವ್ ಅವರಿಗೂ ಪಾಲಿದೆಯೆಂದು ಸ್ಮರಿಸಿದ್ದರು. ತವರು ನಾಡಿನಲ್ಲಿ ಆ ಹೆಸರು ಇನ್ನಷ್ಟು ಪರಿಚಿತವಾಗಬೇಕಿದೆ.