ಉರ್ದುವಿನಲ್ಲಿ ವಿಜ್ಞಾನ ತಂದ ನವಾಬ ಶಂಸುಲ್ ಉಮರಾ

ಉರ್ದು ಮಾಧ್ಯಮದಲ್ಲಿ ವಿಜ್ಞಾನ ಕಲಿಯುವುದು ಆಗದ ಮಾತು ಎನ್ನುವ ಪಾಲಕರು ನಮ್ಮ ಭಾಗದಲ್ಲಿ ಇಂದಿಗೂ ಇದ್ದಾರೆ. ಕನ್ನಡ ಮಾಧ್ಯಮದ ಬಗ್ಗೆಯೂ ಇದೇ ಮಾತು ಕೇಳಿಬರುತ್ತದೆ. ಅಂಥವರು ನವಾಬ ಫಖ್ರುದ್ದೀನ್ ಖಾನ್ ಅವರ ಜೀವನವನ್ನು ಒಮ್ಮೆ ತಿಳಿದುಕೊಳ್ಳಬೇಕು.

1948ರವರೆಗೆ ನಮ್ಮ ಸೈದಾಪುರ ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು. ಆ ರಾಜ್ಯದಲ್ಲಿ ನಿಜಾಮರ ನಂತರ ದೊಡ್ಡ ಮನೆತನವೆಂದರೆ ಪಾಯ್ಗಾ ಮನೆತನ. ಚಿಟಗುಪ್ಪ, ಆಳಂದ, ಅಫಜಲಪುರ ಮುಂತಾದವು ಇವರ ಜಾಗೀರಿನ ಊರುಗಳು. ಈ ಮನೆತನದ ತೇಗ್ ಜಂಗ್ ಅವರ ಮಗನಾಗಿ ಫಖ್ರುದ್ದೀನ್ ಖಾನ್ 1780ರಲ್ಲಿ ಜನಿಸಿದರು. ನಿಜಾಮ್ ಅಲಿ ಖಾನ್ ಅವರ ಮಗಳನ್ನು ವಿವಾಹವಾದರು. ಶಂಸುಲ್ ಉಮರಾ ಎಂಬುದು ಅವರ ಬಿರುದು. 1849ರಲ್ಲಿ ಕೆಲವು ತಿಂಗಳು ರಾಜ್ಯದ ದಿವಾನರೂ ಆಗಿದ್ದರು. ಆದರೆ ದಿವಾನಗಿರಿಗಿಂತ ಅವರ ಹೆಸರು ಉಳಿದದ್ದು ಪುಸ್ತಕಗಳಿಂದ.

ಗಣಿತವೆಂದರೆ ಅವರಿಗೆ ಪ್ರಾಣ. ರೇಖಾಗಣಿತದ ಮೇಲೆ ಪಾರ್ಸಿಯಲ್ಲಿ ಸ್ವತಃ ಗ್ರಂಥ ಬರೆದರು. ಅರಮನೆಯಲ್ಲಿ ಭಾಷಾಂತರಕಾರರನ್ನು ಇಟ್ಟುಕೊಂಡು ಯುರೋಪಿನ ವಿಜ್ಞಾನ ಗ್ರಂಥಗಳನ್ನು ಉರ್ದುವಿಗೆ ತರಿಸಿದರು. ಅಚ್ಚು ಹಾಕಲು ತಮ್ಮದೇ ಕಲ್ಲಚ್ಚಿನ ಮುದ್ರಣಾಲಯ, ಕಲಿಸಲು ತಮ್ಮದೇ ಮದ್ರಸಾ-ಎ-ಫಖ್ರಿಯಾ! ಅವುಗಳಲ್ಲಿ ಪ್ರಸಿದ್ಧವಾದದ್ದು ‘ಸಿತ್ತಾ-ಎ-ಶಂಸಿಯಾ’. ಸಿತ್ತಾ ಎಂದರೆ ಆರು. ಯಂತ್ರಶಾಸ್ತ್ರ, ಖಗೋಳ, ನೀರು, ಗಾಳಿ, ಬೆಳಕು, ವಿದ್ಯುತ್ತು ಎಂಬ ಆರು ವಿಷಯಗಳು ಇದರಲ್ಲಿವೆ.

ವಿದ್ಯಾರ್ಥಿಗಳೇ, ಈ ವಿಷಯಗಳನ್ನು ಬರೀ ಬಾಯಿಪಾಠ ಮಾಡಿಸಲು ಬರುವುದಿಲ್ಲ. ಅಂದು ಯುರೋಪಿನಲ್ಲಿ ಇವುಗಳನ್ನು ಉಪಕರಣ ಇಟ್ಟುಕೊಂಡೇ ಕಲಿಸುತ್ತಿದ್ದರು. ಗಾಜಿನ ಪಾತ್ರೆಯೊಳಗೆ ಗಂಟೆ ಇಟ್ಟು ಪಂಪಿನಿಂದ ಗಾಳಿ ಹೊರತೆಗೆದರೆ ಗಂಟೆ ಅಲ್ಲಾಡುವುದು ಕಾಣುತ್ತದೆ, ಸದ್ದು ಮಾತ್ರ ಕ್ಷೀಣಿಸುತ್ತದೆ. ಗಾಜಿನ ಉರುಳೆಯನ್ನು ತಿರುಗಿಸಿ ಉಜ್ಜಿದರೆ ವಿದ್ಯುತ್ತು ಹುಟ್ಟುತ್ತದೆ. ಒಳಗೂ ಹೊರಗೂ ಲೋಹದ ಹಾಳೆ ಹಚ್ಚಿದ ಲೈಡನ್ ಜಾಡಿಯಲ್ಲಿ ಅದನ್ನು ಕೂಡಿಡಬಹುದು. ಜಾಡಿಯ ಒಳಗಿನ ಮತ್ತು ಹೊರಗಿನ ಹಾಳೆಗಳನ್ನು ತಂತಿಯಿಂದ ಕೂಡಿಸಹೋದರೆ ಕಿಡಿ ಹಾರುತ್ತದೆ.

ಇಂಥ ಸಂಗತಿಗಳಿಗೆ ಉರ್ದುವಿನಲ್ಲಿ ಹೆಸರು ಬೇಕಿತ್ತು. ಭಾಷಾ ಶಿಕ್ಷಕನಾದ ನನಗೆ ಇದೇ ಅತ್ಯಂತ ಸ್ವಾರಸ್ಯದ ವಿಷಯ. ಮಿಂಚಿಗಿದ್ದ ‘ಬರ್ಕ್’ ಎಂಬ ಪದವೇ ವಿದ್ಯುತ್ತಿಗೆ ಆಯಿತು. ಯಂತ್ರಶಾಸ್ತ್ರಕ್ಕೆ ‘ಜರ್‍ರೆ ಸಖೀಲ್’, ಅಂದರೆ ಭಾರ ಎಳೆಯುವ ವಿದ್ಯೆ. ರಾಟೆಯಿಂದ ಬಾವಿ ನೀರು ಸೇದಿದ ಯಾವ ಹುಡುಗನಿಗಾದರೂ ಈ ಹೆಸರು ಅರ್ಥವಾಗುತ್ತದೆ. ಬೆಳಕಿನ ಶಾಸ್ತ್ರಕ್ಕೆ ಬಳಸುವ ‘ಮನಾಜಿರ್’ ಇನ್ನೂ ಹಳೆಯದು. ಸಾವಿರ ವರ್ಷಗಳ ಹಿಂದೆ ಇಬ್ನುಲ್ ಹೈಥಮ್ ತಮ್ಮ ಅರಬ್ಬಿ ಗ್ರಂಥಕ್ಕೆ ಇಟ್ಟ ಹೆಸರಿನಲ್ಲೇ ಅದಿದೆ.

ಹೈದರಾಬಾದಿನಲ್ಲಿ 1846ರಲ್ಲಿ ಆರಂಭವಾದ ವೈದ್ಯಕೀಯ ಶಾಲೆಯೂ ಉರ್ದುವಿನಲ್ಲೇ ಕಲಿಸಿತು. ಉಸ್ಮಾನಿಯಾ ವಿಶ್ವವಿದ್ಯಾಲಯ ಬಂದದ್ದು 1918ರಲ್ಲಿ. ಅಷ್ಟರೊಳಗೆ ನವಾಬರ ಪುಸ್ತಕಗಳಿಗೆ ಮುಕ್ಕಾಲು ಶತಮಾನ ಕಳೆದಿತ್ತು. ಒಂದು ಕೊರತೆಯನ್ನೂ ಹೇಳಬೇಕು: ಒಬ್ಬ ಶ್ರೀಮಂತರ ಆಸಕ್ತಿಯಿಂದ ನಡೆದ ಈ ಕೆಲಸ ರೈತರ, ಕೂಲಿಕಾರರ ಮಕ್ಕಳ ತನಕ ಬರಲಿಲ್ಲ.

ಶಂಸುಲ್ ಉಮರಾ 1863ರಲ್ಲಿ ತೀರಿಕೊಂಡರು. ಪಾಯ್ಗಾ ಮನೆತನದ ಗೋರಿಗಳು ಹೈದರಾಬಾದಿನ ಫಿಸಲ್‌ಬಂಡಾದಲ್ಲಿವೆ. ಇದೇ ಮನೆತನದ ನವಾಬ ಜಫರ್ ಜಂಗ್ ಇಂಗ್ಲೆಂಡಿನಿಂದ 15 ಇಂಚಿನ ದೂರದರ್ಶಕ ತರಿಸಿ, 1901ರಲ್ಲಿ ವೀಕ್ಷಣಾಲಯ ಆರಂಭಿಸಿದ್ದೂ ಅದೇ ಫಿಸಲ್‌ಬಂಡಾದಲ್ಲಿ. 1908ರಲ್ಲಿ ನಿಜಾಮ್ ಸರ್ಕಾರ ಅದನ್ನು ವಹಿಸಿಕೊಂಡಿತು. ಅದೇ ಮುಂದೆ ನಿಜಾಮಿಯಾ ವೀಕ್ಷಣಾಲಯವೆಂದು ಪ್ರಸಿದ್ಧವಾಯಿತು.